ಲ್ಯಾಬ್‌ಗೆ ಸ್ಯಾಂಪಲ್ ಕೊಡುವ ಮುಂಚೆ ಇದನ್ನು ಓದಿ

ಹುಬ್ಬಳ್ಳಿಯ ಒಂದು ಖಾಸಗಿ ಲ್ಯಾಬ್ ನನ್ನ ಹತ್ತಿರ 6,500 ರೂಪಾಯಿ ತಗೊಂಡು, ನಾನು ಕೇಳಿದ್ದೊಂದನ್ನು ಬಿಟ್ಟು ಬೇರೆಲ್ಲ ಟೆಸ್ಟ್ ಮಾಡಿದೆ. ಹಾವೇರಿ ಕಡೆಯ ಮೆಣಸಿನಕಾಯಿ ಬೆಳೆಗಾರರು ದಯವಿಟ್ಟು ಪೂರ್ತಿ ಓದಿ.

ಲೇಬಲ್ಲೇ ಇಲ್ಲದ ‘ಟಾನಿಕ್’ ಹೊಡೆದ ಮೇಲೆ ನಮ್ಮ ಬ್ಯಾಡಗಿ ಮೆಣಸಿನ ಗಿಡಗಳ ಚಿಗುರು ದಾರದ ಹಾಗೆ ತಿರುಚಿಕೊಂಡಿತು. ಎಲೆ ಮುದುಡುವ ಮುಟುರು ರೋಗ ಅಲ್ಲ. ಹೊಡೆದ ಸಾಲೆಲ್ಲ ಒಟ್ಟಿಗೇ ಕೆಟ್ಟಿತ್ತು, ಟಾನಿಕ್ ಸಾಲದೆ ಬಿಟ್ಟ ಸಾಲು ಹಸಿರಾಗೇ ಇತ್ತು. ಗೋವಿನಜೋಳಕ್ಕೆ ಹೊಡೆಯುವ ಕಳೆನಾಶಕ 2,4-ಡಿ ಸೇರಿದೆ ಅಂತ ನನ್ನ ಅನುಮಾನ. ಉಳಿದ ಟಾನಿಕ್ ಬಾಟಲಿ ಒಯ್ದು ಲ್ಯಾಬ್ ಕೌಂಟರಿನಲ್ಲಿ ಅದನ್ನೇ ಹೇಳಿದೆ. “ಎಲ್ಲಾ ನೋಡ್ತೀವ್ರಿ, ಫುಲ್ ಅನಾಲಿಸಿಸ್” ಅಂದರು.

ರಿಪೋರ್ಟ್ ಬಂತು. ಪಿಎಚ್, ಸಾರಜನಕ, ರಂಜಕ, ಪೊಟ್ಯಾಷ್. ಕೊನೆಗೆ ‘ಪೆಸ್ಟಿಸೈಡ್: ಪತ್ತೆಯಾಗಿಲ್ಲ’. ಟಾನಿಕ್ ಮಾರಿದವನು ಅದನ್ನು ನಾಲ್ಕು ಜನರ ಎದುರು ಜೋರಾಗಿ ಓದಿ, “ನಿಮ್ಮ ಕಾಗದಾನ ಹೇಳ್ತೈತಲ್ರಿ, ಏನೂ ಇಲ್ಲಂತ” ಅಂದ. ನನಗೆ ತಲೆ ಎತ್ತಲಿಕ್ಕೆ ಆಗಲಿಲ್ಲ.

ಧಾರವಾಡದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ ಓದುವ ಅಣ್ಣನ ಮಗಳು ಎರಡನೇ ಪುಟ ತಿರುವಿ ತೋರಿಸಿದಳು. ಹುಡುಕಿದ್ದು ಹಳೇ ಕೀಟನಾಶಕಗಳನ್ನು: ಡಿಡಿಟಿ, ಆಲ್ಡ್ರಿನ್, ಲಿಂಡೇನ್, 2011ರಲ್ಲೇ ಸುಪ್ರೀಂ ಕೋರ್ಟ್ ತಡೆದ ಎಂಡೋಸಲ್ಫಾನ್. 2,4-ಡಿ ಹೆಸರೇ ಇಲ್ಲ! ಹುಡುಕದೇ ಇದ್ದದ್ದು ಸಿಗುವುದು ಹೇಗೆ? 2,4-ಡಿ ಆಮ್ಲ, ಸುಮ್ನೆ ಆವಿ ಮಾಡಿ ಬೇರ್ಪಡಿಸುವ ಜಿಸಿ ಯಂತ್ರಕ್ಕೆ ಹಾಕಿದರೆ ಸರಿಯಾಗಿ ಸಿಗಲ್ಲ, ಮೊದಲು ಸುಲಭವಾಗಿ ಆವಿಯಾಗುವ ಎಸ್ಟರ್ ರೂಪಕ್ಕೆ ತರಬೇಕು, ಇಲ್ಲ ದ್ರವದಲ್ಲೇ ಬೇರ್ಪಡಿಸಿ ಗುರುತಿಸುವ ಎಲ್‌ಸಿ-ಎಂಎಸ್ ಯಂತ್ರದಲ್ಲಿ ನೋಡಬೇಕು ಅಂದಳು.

ಲ್ಯಾಬ್‌ಗೆ ಫೋನ್ ಮಾಡಿದೆ.
“ನಮ್ಮ ಲಿಸ್ಟಿನಾಗ ಅದು ಬರೂದಿಲ್ರಿ.”
“ಮತ್ತ ಮೊದಲ ಯಾಕ ಹೇಳಲಿಲ್ರಿ?”
“ಫಾರ್ಮಿನಾಗ ಪೆಸ್ಟಿಸೈಡ್ ಅಂತ ಐತಲ್ರಿ, ಸಹಿ ನಿಮ್ದೇ ಐತಿ.”
ಆ ಫಾರ್ಮ್ ತುಂಬಿದ್ದು ಅವರ ಹುಡುಗ! ನಾನು ಕಳೆನಾಶಕ ಅಂತ ಬಾಯಿ ಬಿಟ್ಟು ಹೇಳಿದ್ದೆ, ಅವನು ಬರೆದದ್ದು ಅದು.

ದುಡ್ಡು ಕೊಡುವ ಮೊದಲೇ ಯಾವ್ಯಾವ ರಾಸಾಯನಿಕ ಹುಡುಕುತ್ತಾರೆ, ಯಾವ ವಿಧಾನ, ಎಷ್ಟು ಕಡಿಮೆ ಇದ್ದರೂ ಹಿಡಿಯುತ್ತಾರೆ, ಎಲ್ಲ ಬರೆಸಿಕೊಳ್ಳಿ. ಗೋಡೆ ಮೇಲಿನ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ಸಂಸ್ಥೆ) ಸರ್ಟಿಫಿಕೇಟ್ ನೋಡಿ ನಂಬಬೇಡಿ. ಆ ಮಾನ್ಯತೆ ‘ಸ್ಕೋಪ್’ ಅನ್ನುವ ಪಟ್ಟಿಯಲ್ಲಿರುವ ಟೆಸ್ಟ್‌ಗಳಿಗೆ ಮಾತ್ರ, ಎನ್‌ಎಬಿಎಲ್ ವೆಬ್‌ಸೈಟಿನಲ್ಲಿ ನೋಡಬಹುದು. ಇವರದು ಇದ್ದದ್ದು ನೀರಿನ ಪರೀಕ್ಷೆಗೆ! ಮಾರಿದವನ ಮೇಲೆ ದೂರು ಕೊಡುವುದಿದ್ದರೆ ಮೊದಲು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ. 1968ರ ಕೀಟನಾಶಕ ಕಾಯ್ದೆ ಪ್ರಕಾರ ಕೀಟನಾಶಕ ಇನ್‌ಸ್ಪೆಕ್ಟರ್ ಮೂರು ಭಾಗ ಮಾಡಿ ಸೀಲ್ ಹಾಕಿದ ಸ್ಯಾಂಪಲ್ಲಿಗೆ ಇರುವ ಬೆಲೆ ನಾವು ಬಾಟಲಿಯಲ್ಲಿ ಒಯ್ದದ್ದಕ್ಕೆ ಇಲ್ಲ.

ಪೂರ್ತಿ ಬಾಟಲಿ ಮಾತ್ರ ಕೊಡಬೇಡಿ, ಅರ್ಧ ಮನೆಯಲ್ಲಿಟ್ಟುಕೊಳ್ಳಿ. ಉಳಿದದ್ದು ವಾಪಸ್ ಕೇಳಿದರೆ ನನಗೆ ಬಂದ ಉತ್ತರ, “ಚೆಲ್ಲಿ ಬಿಟ್ಟೀವ್ರಿ.”