ಮಮ್ಮಿ ರಾಟ್: ಎಸ್‌ಆರ್‌ಡಿ 5.1ರ ಕೊಳೆಶಾಪ ಆಟದ ಮೇಜಿನ ಮೇಲೆ

ಪಾತ್ರ ವಹಿಸಿ, ದಾಳ ಉರುಳಿಸಿ ಆಡುವ ಮೇಜಿನಾಟ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ 5ನೇ ಆವೃತ್ತಿಯ ಉಚಿತ ನಿಯಮಾವಳಿ ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲೂ ಸಿಗುತ್ತಿದೆ. ಅದರಲ್ಲಿ ಝಾಂಬಿ, ಘೌಲ್‌ನಂಥ ನಡೆದಾಡುವ ಹೆಣಗಳಿಂದ ಯಾವ ಪಿಡುಗೂ ಅಂಟುವುದಿಲ್ಲ. ಆ ಕೆಲಸ ಮಾಡುವುದು ಮಮ್ಮಿ. ಅದರ ಮುಷ್ಟಿ ತಗುಲಿದರೆ ಬರುವ ‘ಮಮ್ಮಿ ರಾಟ್’, ಕಾಸು ಖರ್ಚಿಲ್ಲದೆ ಸಿಗುವ ಒಳ್ಳೆಯ ಭಯ. ಆದರೆ ನಿಯಮದ ಒಂದು ಕಡೆ ದೊಡ್ಡ ತೂತಿದೆ.

ಮಮ್ಮಿ ಹೊಡೆಯುವಾಗ 20 ಮುಖದ ದಾಳಕ್ಕೆ +5; ಪೆಟ್ಟು 2ಡಿ6+3 (ಆರು ಮುಖದ ಎರಡು ದಾಳಗಳ ಮೊತ್ತಕ್ಕೆ 3), ಜೊತೆಗೆ 3ಡಿ6 ನೆಕ್ರಾಟಿಕ್, ಅಂದರೆ ಜೀವ ಹೀರುವ ಪೆಟ್ಟು. ಪೆಟ್ಟು ಬಿದ್ದವರು ಡಿಸಿ 12ರ ಕಾನ್‌ಸ್ಟಿಟ್ಯೂಷನ್ ಸೇವ್ ಗೆಲ್ಲಬೇಕು: 20 ಮುಖದ ದಾಳಕ್ಕೆ ತಮ್ಮ ದೇಹದಾರ್ಢ್ಯದ ಅಂಕ ಕೂಡಿಸಿ 12 ಮುಟ್ಟಬೇಕು. +2 ಇರುವವರೂ ಪ್ರತಿ ಪೆಟ್ಟಿಗೆ ನೂರಕ್ಕೆ 45ರಷ್ಟು ಸಲ ಸೋಲುತ್ತಾರೆ. ಸೋತರೆ ಹಿಟ್ ಪಾಯಿಂಟ್ (ಪಾತ್ರದ ಜೀವದ ಅಂಕ) ಮರಳಿ ಬರುವುದೇ ಇಲ್ಲ, ಜೊತೆಗೆ 24 ಗಂಟೆಗೊಮ್ಮೆ ಅದರ ಗರಿಷ್ಠ ಮಿತಿ 3ಡಿ6 ಇಳಿಯುತ್ತದೆ. ಮಿತಿ ಸೊನ್ನೆಯಾದಾಗ ಸಾವು, ದೇಹ ಧೂಳು.

‘ಮರಳಿ ಬರುವುದಿಲ್ಲ’ ಎಂಬ ಮಾತನ್ನು ಹಗುರವಾಗಿ ತೆಗೆದುಕೊಳ್ಳುವ ಡಿಎಂಗಳು, ಅಂದರೆ ಆಟ ನಡೆಸುವವರು, ಇದ್ದಾರೆ. ಮದ್ದಿನ ಪೋಶನ್, ಗಾಯ ಮಾಯಿಸುವ ಕ್ಯೂರ್ ವೂಂಡ್ಸ್ ಮಂತ್ರ, ವಿಶ್ರಾಂತಿಯಲ್ಲಿ ಉರುಳಿಸುವ ಹಿಟ್ ಡೈಸ್, ರಾತ್ರಿಯ ನಿದ್ದೆ, ಯಾವುದೂ ನಡೆಯದು. ಸೊನ್ನೆಗೆ ಬಿದ್ದವರನ್ನು ಸ್ಥಿರಗೊಳಿಸಬಹುದು, ಎಬ್ಬಿಸಲಾಗದು: ಸಾವು ಬದುಕು ತೀರ್ಮಾನಿಸುವ ಡೆತ್ ಸೇವ್‌ನಲ್ಲಿ 20 ಬಿದ್ದರೂ ಸಾಮಾನ್ಯವಾಗಿ ಮರಳುವ ಒಂದು ಪಾಯಿಂಟ್ ಸಿಗುವುದಿಲ್ಲ. ಉಳಿಯುವುದು ತಾತ್ಕಾಲಿಕ ಹಿಟ್ ಪಾಯಿಂಟ್ ಮಾತ್ರ. ಅದನ್ನು ಕೊಡುವ ಫಾಲ್ಸ್ ಲೈಫ್ ಮಂತ್ರ ಇರುವ ವಿಝರ್ಡ್ (ಮಾಂತ್ರಿಕ) ಇಲ್ಲಿ ಚಿನ್ನ.

ಇನ್ನೊಂದು ತಪ್ಪು ಹೆಸರಿನಿಂದ ಹುಟ್ಟುತ್ತದೆ. ರಾಟ್ (ಕೊಳೆತ) ಅಂದರೆ ರೋಗ ಅಂದುಕೊಂಡು ರೋಗ ಕಳೆಯುವ ಲೆಸರ್ ರೆಸ್ಟೊರೇಶನ್ ಮಂತ್ರ ಹಾಕುತ್ತಾರೆ, ಪ್ಯಾಲಡಿನ್ (ದೈವಬಲದ ಯೋಧ) ಕೈ ಸೋಕಿಸಿ ವಾಸಿಮಾಡುವ ಲೇ ಆನ್ ಹ್ಯಾಂಡ್ಸ್‌ನ 5 ಪಾಯಿಂಟ್ ಸುರಿಯುತ್ತಾನೆ. ಈ ಆವೃತ್ತಿಯಲ್ಲಿ ಇದು ಶಾಪ. ಪ್ಯಾಲಡಿನ್‌ಗೆ 3ನೇ ಹಂತದಲ್ಲಿ ಬರುವ ರೋಗನಿರೋಧಕ ವರವೂ ಕಾಯುವುದಿಲ್ಲ. 3.5 ಆವೃತ್ತಿಯಲ್ಲಿ ಇದು ಶಾಪವೂ ಹೌದು, ರೋಗವೂ ಹೌದು: ಮೊದಲು ಶಾಪ ಬಿಡಿಸಬೇಕು, ಅದಕ್ಕೂ ಡಿಸಿ 20ರ ಪರೀಕ್ಷೆ, ಆಮೇಲೆ ರೋಗಕ್ಕೆ ಮದ್ದು. ಹಳೆಯದು ತೊಡಕಿನದು ನಿಜ, ಆದರೆ ಎರಡು ಮೆಟ್ಟಿಲ ಆ ಚಿಕಿತ್ಸೆಯಲ್ಲಿದ್ದ ಗಾಂಭೀರ್ಯ ಹೊಸದರಲ್ಲಿ ಇಲ್ಲ.

ಏಕೆಂದರೆ ಇಲ್ಲಿ ಶಾಪ ಬಿಡಿಸುವ ರಿಮೂವ್ ಕರ್ಸ್ ಮಂತ್ರ ಒಂದೇ ಸಾಕು. 5ನೇ ಹಂತದ ಕ್ಲೆರಿಕ್ (ಪುರೋಹಿತ) ಮುಟ್ಟಿದರೆ ಮುಗಿಯಿತು, ಸಾಮಗ್ರಿಯ ಖರ್ಚೂ ಇಲ್ಲ. ಹಾಗಾಗಿ ಈ ಶಾಪಕ್ಕೆ ತಕ್ಕ ಕಾಲ 3 ಮತ್ತು 4ನೇ ಹಂತ. ಲೆಕ್ಕ ನೋಡಿ: ಕಾನ್‌ಸ್ಟಿಟ್ಯೂಷನ್ 14ರ 3ನೇ ಹಂತದ ಫೈಟರ್‌ಗೆ 28 ಹಿಟ್ ಪಾಯಿಂಟ್, ದಿನಕ್ಕೆ ಸರಾಸರಿ 10.5 ಇಳಿಕೆ, ಸಾಮಾನ್ಯವಾಗಿ ಮೂರನೇ ಇಳಿಕೆಗೆ ಧೂಳು. ಅದೇ ಹಂತದ, ಕಾನ್‌ಸ್ಟಿಟ್ಯೂಷನ್ 12ರ ವಿಝರ್ಡ್‌ಗೆ ಇರುವುದು 17, ಅವರು ಎರಡನೆಯದನ್ನು ದಾಟುವುದು ಕಷ್ಟ. ಆದ್ದರಿಂದ ಶಾಪ ಬಿಡಿಸುವ ದೇಗುಲವನ್ನು 40 ಮೈಲಿ ದೂರದಲ್ಲಿಡಿ. ಸಾಮಾನ್ಯ ನಡಿಗೆಗೆ ದಿನಕ್ಕೆ 24 ಮೈಲಿ. ಸಂಜೆ ಪೆಟ್ಟು ತಿಂದು ಮರುದಿನ ಬೆಳಿಗ್ಗೆ ಹೊರಟರೆ, ಎರಡನೇ ಇಳಿಕೆಗೆ ಕೆಲವೇ ಗಂಟೆ ಮೊದಲು ತಲುಪುತ್ತಾರೆ. ದಾರಿಯಲ್ಲಿ ಒಂದು ಸೇತುವೆ ಮುರಿದಿದ್ದರೆ ಸಾಕು, ಮೇಜಿನ ಸುತ್ತ ಉಸಿರು ಬಿಗಿಯುತ್ತದೆ.

ಕಾಳಗದಲ್ಲಿ ಮಮ್ಮಿಯ ಬಲಹೀನತೆ ಬೆಂಕಿ: ಪೆಟ್ಟು ಇಮ್ಮಡಿ. ಬರ್ನಿಂಗ್ ಹ್ಯಾಂಡ್ಸ್ ಎಂಬ ಬೆಂಕಿ ಮಂತ್ರದ 3ಡಿ6 ಸರಾಸರಿ 21 ಆಗುತ್ತದೆ, ಮಮ್ಮಿಗಿರುವುದು 58. ಅದರ ವೇಗ 20 ಅಡಿ ಮಾತ್ರ, ದೂರ ಸರಿದು ಹೊಡೆಯುವುದೇ ಜಾಣತನ. ಮಮ್ಮಿಯ ಭೀಕರ ನೋಟದ ವಿರುದ್ಧದ ಸೇವ್‌ನಲ್ಲಿ 5 ಅಥವಾ ಹೆಚ್ಚಿನ ಅಂತರದಿಂದ ಸೋತವರು ಮರಗಟ್ಟುತ್ತಾರೆ, ಪಕ್ಕದಿಂದ ಬಿದ್ದ ಪೆಟ್ಟು ಕ್ರಿಟಿಕಲ್, ಅಂದರೆ ಪೆಟ್ಟಿನ ದಾಳಗಳು ಇಮ್ಮಡಿ. ಆದರೂ ರಾಟ್‌ನ ಸೇವ್ ತಾನಾಗಿ ಸೋಲುವುದಿಲ್ಲ. ಮರಗಟ್ಟಿದವರು ಸೋಲುವುದು ಸ್ಟ್ರೆಂತ್ ಮತ್ತು ಡೆಕ್ಸ್‌ಟೆರಿಟಿ ಸೇವ್‌ಗಳನ್ನು ಮಾತ್ರ.

ಇನ್ನು ಆ ತೂತು. ಶಾಪ ಹೋದಮೇಲೆ ಕುಸಿದ ಮಿತಿ ಮರಳುತ್ತದೆಯೇ? ಮಮ್ಮಿಯ ಪ್ಯಾರಾದಲ್ಲಿ ಆ ಬಗ್ಗೆ ಒಂದು ಸಾಲೂ ಇಲ್ಲ. ಗ್ರೇಟರ್ ರೆಸ್ಟೊರೇಶನ್ ಅದನ್ನು ಸರಿಪಡಿಸುತ್ತದೆ, ಆದರೆ ಅದು 5ನೇ ಶ್ರೇಣಿಯ ಮಂತ್ರ, ಪ್ರತಿ ಸಲ 100 ಚಿನ್ನದ ನಾಣ್ಯದ ವಜ್ರದ ಪುಡಿ ಬೇಡುತ್ತದೆ. 3ನೇ ಹಂತದ ತಂಡಕ್ಕೆ ಅದು ಎಟುಕದು. ಹಾಗಾಗಿ ನನ್ನ ಸಲಹೆ: ಶಾಪ ಬಿಟ್ಟ ಬಳಿಕ ಪ್ರತಿ ಲಾಂಗ್ ರೆಸ್ಟ್‌ಗೆ (ರಾತ್ರಿಯ ಪೂರ್ಣ ವಿಶ್ರಾಂತಿಗೆ) 3ಡಿ6 ಮಿತಿ ಮರಳಲಿ. ಇದನ್ನು ಮಮ್ಮಿ ಕಾಣಿಸುವ ಮೊದಲೇ ಆಟಗಾರರಿಗೆ ತಿಳಿಸಿಬಿಡಿ.