ಹಡೋಕೆನ್‌ಗೆ ಒಂದೇ ಗುಂಡಿ: ‘ಸ್ಟ್ರೀಟ್ ಫೈಟರ್ 6’

ದಾವಣಗೆರೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ವಿಡಿಯೋ ಗೇಮ್ ಅಂಗಡಿಯಿತ್ತು. ಒಂದು ರೂಪಾಯಿ ಹಾಕಿದರೆ ‘ಸ್ಟ್ರೀಟ್ ಫೈಟರ್ 2’ ಎಂಬ ಕಾದಾಟದ ಆಟ. ಹ್ಯಾಂಡಲನ್ನು ಕೆಳಕ್ಕೆಳೆದು, ಓರೆಯಾಗಿ ಮುಂದಕ್ಕೆ ಜಾರಿಸಿ, ನೇರ ಮುಂದಕ್ಕೆ ಬಂದ ಕ್ಷಣದಲ್ಲಿ ಗುದ್ದಿನ ಗುಂಡಿ ಒತ್ತಿದರೆ ರ್ಯೂ ಎಂಬ ಪಾತ್ರದ ಅಂಗೈಯಿಂದ ನೀಲಿ ಉಂಡೆ ಹಾರುತ್ತಿತ್ತು. ಹಡೋಕೆನ್. ಅದನ್ನು ಯಾರೂ ಹೇಳಿಕೊಡುತ್ತಿರಲಿಲ್ಲ. ಬಲ್ಲ ಹುಡುಗರು ಹ್ಯಾಂಡಲ್ ಹಿಡಿದ ಕೈಯನ್ನು ಮೈಯಿಂದ ಮರೆಮಾಡಿಕೊಂಡು ಆಡುತ್ತಿದ್ದರು. ನನಗೆ ಅದು ಕೈಗೆ ಹತ್ತುವಷ್ಟರಲ್ಲಿ ಒಂದು ಬೇಸಿಗೆ ರಜೆಯೂ, ಹಾಲಿನ ಚಿಲ್ಲರೆ ಬಗ್ಗೆ ಅಮ್ಮನಿಗಿದ್ದ ನಂಬಿಕೆಯೂ ಮುಗಿದಿದ್ದವು.

ಹೀಗೆ ಕಲಿತವನಿಗೆ, 2023ರ ಜೂನ್‌ನಲ್ಲಿ ಕ್ಯಾಪ್‌ಕಾಮ್ ಕಂಪನಿ ತಂದ ಆರನೆಯ ಕಂತಿನಲ್ಲಿ ‘ಮಾಡರ್ನ್’ ಎಂಬ ನಿಯಂತ್ರಣ ಕ್ರಮವಿದೆ ಎಂದು ತಿಳಿದಾಗ ಹೊಟ್ಟೆ ಉರಿಯದೆ ಇರುತ್ತದೆಯೇ? ಒಂದು ಗುಂಡಿಗೆ ಹಡೋಕೆನ್. ಮುಂದಕ್ಕೆ ಹಿಡಿದು ಅದೇ ಗುಂಡಿ ಒತ್ತಿದರೆ ಮೇಲಕ್ಕೆ ಚಿಮ್ಮಿ ಗುದ್ದುವ ಶೋರ್ಯೂಕೆನ್. ಗುದ್ದಿಗೆ ಮೂರು, ಒದೆತಕ್ಕೆ ಮೂರು ಎಂದು ಇದ್ದ ಆರು ಗುಂಡಿಗಳು ಹಗುರ, ಮಧ್ಯಮ, ಭಾರಿ ಎಂದು ಮೂರಕ್ಕೆ ಇಳಿದಿವೆ. ‘ಅಸಿಸ್ಟ್’ ಗುಂಡಿ ಅದುಮಿ ಹಿಡಿದು ಒಂದನ್ನೇ ಕುಟ್ಟುತ್ತಿದ್ದರೆ ಏಟಿನ ಮೇಲೆ ಏಟು ತಾನಾಗಿ ಹೆಣೆದುಕೊಳ್ಳುತ್ತದೆ. ಹಳೆಯ ಕ್ರಮವೂ ‘ಕ್ಲಾಸಿಕ್’ ಎಂಬ ಮರ್ಯಾದೆಯ ಹೆಸರಿನಲ್ಲಿ ಉಳಿದಿದೆ.

ಅಕ್ಕನ ಮಗನಿಗೆ 13 ವರ್ಷ. ಅವನು ಮಾಡರ್ನ್‌ನಲ್ಲಿ ಕೆನ್, ನಾನು ಕ್ಲಾಸಿಕ್‌ನಲ್ಲಿ ರ್ಯೂ. ಮೊದಲ ಸಂಜೆ 10 ಆಟಗಳಲ್ಲಿ 7 ಅವನ ಪಾಲಾದವು.

ಸೋತ ಬಗೆಯನ್ನು ಬಿಡಿಸಿ ಹೇಳಲೇಬೇಕು. ನನ್ನದು ನೆಗೆದು ಒದೆಯುವ ಆಟ. ಅಂಗಡಿಯಲ್ಲಿ ಅದು ನಡೆಯುತ್ತಿತ್ತು, ಏಕೆಂದರೆ ನೆಗೆದವನನ್ನು ಶೋರ್ಯೂಕೆನ್‌ನಿಂದ ಕೆಡವಬೇಕಾದರೆ ಎದುರಾಳಿ ಮುಂದೆ, ಕೆಳಗೆ, ಓರೆ ಎಂದು ಹ್ಯಾಂಡಲ್ ತಿರುಗಿಸಬೇಕು. ಕಣ್ಣು ಕಂಡದ್ದು ಕೈಗೆ ಇಳಿಯುವ ಆ ಚಿಟಿಕೆಯಷ್ಟು ತಡವೇ ನನ್ನ ಬಂಡವಾಳ. ಹುಡುಗನಿಗೆ ಆ ತಡವೇ ಇಲ್ಲ. ನಾನು ನೆಗೆದಷ್ಟು ಸಲವೂ ಬೆಂಕಿ ಹೊತ್ತ ಮುಷ್ಟಿಯೊಂದು ಗದ್ದಕ್ಕೆ ಬಂದು ಕೂತಿತು. ‘ಮಾಮ, ಎಷ್ಟು ಸಲ ನೆಗೆಯುತ್ತೀರಿ?’ ಎಂದು ಕೇಳಿದ. ವ್ಯಂಗ್ಯವಿರಲಿಲ್ಲ, ನಿಜವಾಗಿಯೂ ತಿಳಿಯಬೇಕಿತ್ತು ಅವನಿಗೆ.

ಮೂರನೆಯ ದಿನ ನೆಗೆಯುವುದನ್ನು ಬಿಟ್ಟೆ. ಜೀವದ ಪಟ್ಟಿಯ ಕೆಳಗೆ ‘ಡ್ರೈವ್’ ಎಂಬ ಇನ್ನೊಂದು ಪಟ್ಟಿಯಿದೆ, ಆರು ಮನೆಗಳದ್ದು. ಜೋರಾದ ಏಟು, ಓಡಿ ನುಗ್ಗುವುದು ಎಲ್ಲಕ್ಕೂ ಖರ್ಚು ಅದರಿಂದಲೇ. ತಾನಾಗಿ ಹೆಣೆದುಕೊಳ್ಳುವ ಭಾರಿ ಕಾಂಬೊ, ಅಂದರೆ ಏಟುಗಳ ಸರಣಿ, ಅದನ್ನು ಕೈಬಿಚ್ಚಿ ಸುರಿಯುತ್ತದೆ, ಒತ್ತಿದವನಿಗೆ ಗೊತ್ತೇ ಆಗುವುದಿಲ್ಲ. ನಾನು ಸುಮ್ಮನೆ ತಡೆದುಕೊಂಡು ನಿಂತೆ. ಪಟ್ಟಿ ಬರಿದಾಯಿತು, ಕೆನ್ ಬಣ್ಣಗೆಟ್ಟ. ಇದಕ್ಕೆ ‘ಬರ್ನ್‌ಔಟ್’ ಎಂದು ಹೆಸರು. ಆಗ ಹಡೋಕೆನ್ ಅನ್ನು ತಡೆದರೂ ಜೀವ ಸವೆಯುತ್ತದೆ. ಗೋಡೆಗೆ ಒತ್ತಿ ‘ಡ್ರೈವ್ ಇಂಪ್ಯಾಕ್ಟ್’ ಎಂಬ ಭಾರಿ ಏಟು ಕೊಟ್ಟರೆ ತಡೆದವನಿಗೂ ತಲೆ ತಿರುಗುತ್ತದೆ. ಅಂದು ಸತತವಾಗಿ 5 ಆಟ ಗೆದ್ದೆ. ‘ನನ್ನ ಹಸಿರು ಪಟ್ಟಿ ಎಲ್ಲಿ ಹೋಯಿತು?’ ಎಂದು ಅವನು ಪರದೆಯ ಹತ್ತಿರ ಹೋಗಿ ನೋಡಿದ.

ನಾನು ಇಷ್ಟು ವರ್ಷ ವಿದ್ಯೆ ಎಂದುಕೊಂಡದ್ದು ಬರೀ ಬಾಗಿಲ ಚೀಟಿಯಾಗಿತ್ತು ಎಂದು ಒಪ್ಪಿಕೊಳ್ಳಲು ಕಷ್ಟವಾಯಿತು. ಎಷ್ಟು ದೂರ ನಿಲ್ಲಬೇಕು, ಯಾವಾಗ ಕೈ ಕಟ್ಟಿ ಕಾಯಬೇಕು, ಪಟ್ಟಿಯಲ್ಲಿ ಎಷ್ಟು ಉಳಿಸಬೇಕು ಎಂಬುದನ್ನು ಯಾವ ಗುಂಡಿಯೂ ಹೇಳಿಕೊಡುವುದಿಲ್ಲ.

ಸುಲಭಕ್ಕೆ ತೆರಿಗೆಯೂ ಉಂಟು. ಒಂದೇ ಗುಂಡಿಯಿಂದ ಬರುವ ವಿಶೇಷ ಏಟಿಗೆ ಶೇಕಡಾ 20ರಷ್ಟು ಪೆಟ್ಟು ಕಡಿಮೆ, ಜೊತೆಗೆ ಕೆಲವು ಗುದ್ದು ಒದೆತಗಳು ಮಾಡರ್ನ್‌ನಲ್ಲಿ ಸಿಗುವುದೇ ಇಲ್ಲ. ಆದರೆ ಈ ಲೆಕ್ಕ ನನಗೆ ಪೂರ್ತಿ ಒಪ್ಪಿಗೆಯಿಲ್ಲ: ಕೊಡುತ್ತಿರುವುದು ಸಮಯ, ಕಡಿಯುತ್ತಿರುವುದು ಪೆಟ್ಟು. ನೆಗೆದವನನ್ನು ಪ್ರತಿ ಸಲವೂ ಕೆಡವಬಲ್ಲವನಿಗೆ ಐದರಲ್ಲಿ ಒಂದು ಪಾಲು ಪೆಟ್ಟು ಹೋದರೆ ಏನು ನಷ್ಟ? ಇನ್ನೊಂದು ಕಾದಾಟದ ಆಟವಾದ ‘ಟೆಕ್ಕನ್ 8’ರಲ್ಲಿರುವ ಇಂಥದ್ದೇ ಸುಲಭ ಕ್ರಮ ‘ಸ್ಪೆಷಲ್ ಸ್ಟೈಲ್’ ಅನ್ನು ಕಾದಾಟದ ನಡುವೆಯೇ ಹಾಕಬಹುದು, ತೆಗೆಯಬಹುದು. ಇಲ್ಲಿ ಪಾತ್ರ ಆರಿಸುವಾಗಲೇ ತೀರ್ಮಾನಿಸಬೇಕು. ನನಗೆ ಇದೇ ಸರಿ. ಎದುರಾಳಿ ಯಾವ ಕ್ರಮದವನೆಂದು ಪರದೆಯಲ್ಲೇ ಕಾಣುವುದರಿಂದ ನೆಗೆಯುವ ಮುನ್ನ ಯೋಚಿಸಬಹುದು.

ಮೂರನೆಯ ನಿಯಂತ್ರಣ ಕ್ರಮ ‘ಡೈನಮಿಕ್’. ಯಾವ ಗುಂಡಿ ಕುಟ್ಟಿದರೂ ಹೊಂದುವ ಏಟನ್ನು ಯಂತ್ರವೇ ಆರಿಸುತ್ತದೆ, ಆನ್‌ಲೈನ್ ಪಂದ್ಯಕ್ಕೆ ಅದು ಸಲ್ಲುವುದಿಲ್ಲ. ಅಮ್ಮ ಅದರಲ್ಲಿ ಭಾರತದ ಧಾಲ್ಸಿಮ್‌ನನ್ನು ಆರಿಸಿ ನನ್ನ ಮೇಲೆ ಬೆಂಕಿ ಉಗುಳಿದರು. 1991ರಿಂದಲೂ ಅವನದು ಅದೇ ಕಸುಬು, ಯೋಗದ ಹೆಸರಿನಲ್ಲಿ. ‘ವರ್ಲ್ಡ್ ಟೂರ್’ ಎಂಬ ಕಥಾಭಾಗ ನನಗೆ ಉದ್ದವೆನಿಸಿತು, ಹುಡುಗನಿಗೆ ಸಾಲಲಿಲ್ಲ.

ಮಾಡರ್ನ್‌ನಲ್ಲಿಯೂ ಹಳೆಯ ರೀತಿ ಹೆಬ್ಬೆರಳು ಜಾರಿಸಿ ಹಡೋಕೆನ್ ಹೊಡೆದರೆ ಪೆಟ್ಟು ಕಡಿತವಾಗುವುದಿಲ್ಲ. ಇದು ತಿಳಿದದ್ದೇ ತಡ, ಹುಡುಗ ಅಭ್ಯಾಸದ ಅಂಕಣದಲ್ಲಿ ಕೂತ. ಹತ್ತರಲ್ಲಿ ನಾಲ್ಕು ಬರುತ್ತಿವೆ. ಕೈ ಹೇಗಿಡಬೇಕೆಂದು ತೋರಿಸಲು ಹೋದರೆ ಕಂಟ್ರೋಲರನ್ನು ಎದೆಗವುಚಿಕೊಂಡು ಅತ್ತ ತಿರುಗಿ ಕೂರುತ್ತಾನೆ.