ಅಪ್ಪನ ಟೊಮೆಟೊ ಲೆಕ್ಕ ಓದಲು ಮೂರು ಪಾರ್ಸರ್: ನಾಮ್, ಪೆಸ್ಟ್, ಲಾಲರ್‌ಪಾಪ್

ನಮ್ಮದು ವೇಮಗಲ್ ಕಡೆಯ ಹಳ್ಳಿ. ಅಪ್ಪ ಕೋಲಾರದ ಎಪಿಎಂಸಿಗೆ ಟೊಮೆಟೊ ಹಾಕುತ್ತಾರೆ. ವಾಪಸ್ ಬರುವಾಗಲೇ ಫೋನಿನಲ್ಲಿ ಲೆಕ್ಕ ಬರೆದಿಡುತ್ತಾರೆ: ‘ಹಣ್ಣು 42 ಬಾಕ್ಸ್ × 380 - ಬಾಡಿಗೆ 640 - ಹಮಾಲಿ 252’. ಇಂಥ ಸಾಲುಗಳು ಎರಡು ವರ್ಷದ್ದು ಸೇರಿದ್ದವು. ಅವನ್ನು ಓದಿ ಒಟ್ಟು ತೆಗೆಯಲು ರಸ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆಯಲು ಕೂತೆ. ಇದಕ್ಕೆ ಪಾರ್ಸರ್ ಬೇಕು, ಅಂದರೆ ಸಾಲನ್ನು ನಿಯಮದ ಪ್ರಕಾರ ಬಿಡಿಸಿ ಓದುವ ಕೋಡ್. ಆ ನಿಯಮಗಳ ಪಟ್ಟಿಯೇ ವ್ಯಾಕರಣ. ಒಂದೇ ವ್ಯಾಕರಣವನ್ನು ಮೂರು ಲೈಬ್ರರಿಗಳಲ್ಲಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಬರೆದು ನೋಡಿದೆ.

ಮೊದಲು ನಾಮ್. ಇದರಲ್ಲಿ ವ್ಯಾಕರಣಕ್ಕೆ ಬೇರೆ ಫೈಲ್ ಇಲ್ಲ. ಸಣ್ಣ ಸಣ್ಣ ಫಂಕ್ಷನ್‌ಗಳನ್ನು ಪೋಣಿಸಿಕೊಂಡು ಹೋಗಬೇಕು. ಅಕ್ಷರ ಓದಲು ಅದು ಕೊಡುವ ಸಿದ್ಧ ಫಂಕ್ಷನ್ ಇಂಗ್ಲಿಷ್ ಅಕ್ಷರಗಳಿಗೆ ಮಾತ್ರ. ಇದು ಅಕ್ಷರವೇ ಅಂತ ನೋಡಿ ಹೇಳುವ ರಸ್ಟ್‌ನ ‘ಈಸ್ ಆಲ್ಫಬೆಟಿಕ್’ ಹಾಕಿದರೆ ‘ಹಣ್ಣು’ ಹೋಗಿ ‘ಹಣ’ ಉಳಿಯಿತು. ಒತ್ತಕ್ಷರ ಕೂಡಿಸುವ ಹಲಂತ ಗುರುತನ್ನು (್) ಯೂನಿಕೋಡ್, ಅಂದರೆ ಕಂಪ್ಯೂಟರಿನಲ್ಲಿ ಎಲ್ಲ ಭಾಷೆಯ ಲಿಪಿಗಳಿಗೂ ಇರುವ ಸಂಕೇತ ಪಟ್ಟಿ, ಅಕ್ಷರ ಅಂತ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಲ್ಲೇ ಪದ ತುಂಡಾಗುತ್ತದೆ. ಸರಿಮಾಡಿಕೊಂಡೆ. ಆದರೆ ವಾರ ಬಿಟ್ಟು ಕೋಡ್ ತೆರೆದಾಗ ವ್ಯಾಕರಣ ಎಲ್ಲಿದೆ ಅಂತ ಹುಡುಕಬೇಕಾಯಿತು. ಬೈನರಿ ಫೈಲ್ (ಚಿತ್ರದಂಥ, ಪಠ್ಯವಲ್ಲದ ಫೈಲ್) ಓದುವುದಿದ್ದರೆ ನಾನು ನಾಮ್ ಅನ್ನೇ ಹಿಡಿಯುತ್ತೇನೆ. ಈ ಕೆಲಸಕ್ಕೆ ಬೇಡ ಅನ್ನಿಸಿತು.

ಪೆಸ್ಟ್‌ನಲ್ಲಿ ವ್ಯಾಕರಣ ಒಂದೇ ಫೈಲಿನಲ್ಲಿ ಕಣ್ಣಿಗೆ ಕಟ್ಟುವಂತೆ ಇರುತ್ತದೆ. ಇದು ಕಂಪ್ಯೂಟರ್ ವಿಜ್ಞಾನಿ ಬ್ರಯನ್ ಫೋರ್ಡ್ 2004ರಲ್ಲಿ ವಿವರಿಸಿದ ಪಿಇಜಿ (ಪಾರ್ಸಿಂಗ್ ಎಕ್ಸ್‌ಪ್ರೆಶನ್ ಗ್ರಾಮರ್) ಪದ್ಧತಿ. ಆಯ್ಕೆಗಳಲ್ಲಿ ಮೊದಲು ಹೊಂದಿದ್ದೇ ಗೆದ್ದಿತು, ಮುಂದಿನದನ್ನು ನೋಡುವುದೇ ಇಲ್ಲ. ಕನ್ನಡಕ್ಕೆ ಇದು ದೊಡ್ಡ ವಿಷಯ. ನಮ್ಮಲ್ಲಿ ಪದದ ಬಾಲಕ್ಕೆ ಪ್ರತ್ಯಯ ಅಂಟುತ್ತದೆ ಅಲ್ವಾ? ‘ಕೆಜಿ’ ಮೊದಲು ಬರೆದು ‘ಕೆಜಿಗೆ’ ಆಮೇಲೆ ಬರೆದರೆ, ಎರಡನೆಯದು ಯಾವತ್ತೂ ಸಿಗುವುದಿಲ್ಲ. ಉದ್ದದ ರೂಪ ಯಾವಾಗಲೂ ಮೇಲಿರಬೇಕು.

ಇನ್ನೊಂದು ತಪ್ಪು ಇದಕ್ಕಿಂತ ದುಬಾರಿ. ಕಳೆಯುವ ನಿಯಮವನ್ನು ಎಡಕ್ಕೆ ಮರುಕಳಿಸುವಂತೆ, ಅಂದರೆ ನಿಯಮ ತನ್ನ ಎಡತುದಿಯಲ್ಲಿ ಮತ್ತೆ ತನ್ನನ್ನೇ ಕರೆಯುವಂತೆ ಬರೆದೆ. ಪೆಸ್ಟ್ ಅದನ್ನು ಕಂಪೈಲ್ (ಓಡಿಸುವ ರೂಪಕ್ಕೆ ಬದಲಿಸುವುದು) ಮಾಡಲೇ ಇಲ್ಲ. ಸುಮ್ನೆ ಬಲಕ್ಕೆ ತಿರುಗಿಸಿದೆ. ಕಂಪೈಲ್ ಆಯಿತು, ಉತ್ತರವೂ ಬಂತು: 15572. ಅಪ್ಪನ ಕೈಗೆ ಬಂದಿದ್ದು 15068. ಮೊದಲು 640ರಿಂದ 252 ಕಳೆದು, ಉಳಿದಿದ್ದನ್ನು 15960ರಿಂದ ಕಳೆದಿತ್ತು. ಒಂದು ಸಾಲಿಗೆ 504 ರೂಪಾಯಿ ಜಾಸ್ತಿ! ಯಾವ ಲೆಕ್ಕ ಮೊದಲು, ಯಾವ ಕಡೆಯಿಂದ ಅಂತ ಹೇಳಲು ಪೆಸ್ಟ್ ಜೊತೆಗೇ ಬರುವ ಪ್ರಾಟ್ ಪಾರ್ಸರ್ ಬಳಸಿ, ಕಳೆಯುವುದು ಎಡದಿಂದ ಅಂತ ಹೇಳಿದ ಮೇಲೆ ಲೆಕ್ಕ ಕೂಡಿತು.

ಲಾಲರ್‌ಪಾಪ್‌ನಲ್ಲಿ ಈ ಎರಡು ತೊಂದರೆಯೂ ಇಲ್ಲ. ಅದರ ಲೆಕ್ಸರ್ (ಸಾಲನ್ನು ಪದಗಳಾಗಿ ಒಡೆಯುವ ಭಾಗ) ಅತಿ ಉದ್ದದ ಹೊಂದಿಕೆಯನ್ನು ತಾನೇ ಆರಿಸುತ್ತದೆ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ 1965ರಲ್ಲಿ ಕೊಟ್ಟ ಎಲ್‌ಆರ್ ವಿಧಾನ (ಎಡದಿಂದ ಓದುತ್ತಾ ಸಣ್ಣ ತುಂಡುಗಳನ್ನು ದೊಡ್ಡದಾಗಿ ಕೂಡಿಸುವುದು) ಅದರ ಬುನಾದಿ, ಹಾಗಾಗಿ ಎಡ ಮರುಕಳಿಕೆ ಸಲೀಸು. ನನಗೆ ನಿಜಕ್ಕೂ ಉಪಕಾರ ಆಗಿದ್ದು ಬೇರೆ ಕಡೆ. ಅಪ್ಪ ಕೆಲವು ಕಡೆ ಬರೀ ‘ಬಾಕ್ಸ್ 380’ ಅಂತ ಬರೆದಿದ್ದರು. ಅದು 380 ಬಾಕ್ಸೋ, ಬಾಕ್ಸಿಗೆ 380 ರೂಪಾಯಿಯೋ? ಎರಡಕ್ಕೂ ನಿಯಮ ಬರೆದಿದ್ದೆ. ಪೆಸ್ಟ್ ತುಟಿಪಿಟಕ್ಕೆನ್ನದೆ ಮೊದಲನೆಯದನ್ನು ಹಿಡಿದಿತ್ತು. ಲಾಲರ್‌ಪಾಪ್ ಬಿಲ್ಡ್ ಆಗುವಾಗಲೇ, ಅಂದರೆ ಪ್ರೋಗ್ರಾಂ ತಯಾರಾಗುವಾಗಲೇ, ಇಲ್ಲಿ ಎರಡು ಅರ್ಥ ಇದೆ ಅಂತ ನಿಲ್ಲಿಸಿತು. ಅಪ್ಪನನ್ನೇ ಕೇಳಿದೆ. ‘ಬಾಕ್ಸ್ ಅನ್ನೋದು ಅಂಕಿಗಿಂತ ಮೊದಲು ಬಂದ್ರೆ ರೇಟು’ ಅಂದರು.

ಅಂಕಿಗಳ ತೊಂದರೆ ಮೂರರಲ್ಲೂ ಒಂದೇ. ‘೩೮೦’ ಸಂಖ್ಯೆ ಅಂತ ರಸ್ಟ್‌ಗೆ ಗೊತ್ತು, ಆದರೆ ಅದನ್ನು ಪಾರ್ಸ್ ಮಾಡಲು ಹೇಳಿದರೆ ಎರರ್ ಕೊಡುತ್ತದೆ. ಕನ್ನಡ ಅಂಕಿಗಳನ್ನು ಮೊದಲೇ ಬದಲಿಸಿಕೊಳ್ಳಬೇಕು.

ಇಷ್ಟಾದರೂ ದಿನಬಳಕೆಗೆ ನಾನು ಇಟ್ಟುಕೊಂಡಿದ್ದು ಪೆಸ್ಟ್. ಕಾರಣ ಎರರ್ ಸಂದೇಶ. ತಪ್ಪು ಸಾಲು ತಿದ್ದುವವರು ಅಪ್ಪ, ನಾನಲ್ಲ. ಲಾಲರ್‌ಪಾಪ್ ತಪ್ಪಿರುವ ಜಾಗವನ್ನು ಬೈಟ್ (ಕಂಪ್ಯೂಟರ್ ಅಕ್ಷರ ಇಟ್ಟುಕೊಳ್ಳುವ ಅಳತೆ) ಲೆಕ್ಕದಲ್ಲಿ ಹೇಳುತ್ತದೆ. ‘ಹಣ್ಣು’ ಒಂದೇ 15 ಬೈಟ್. ಪೆಸ್ಟ್ ಆ ಸಾಲನ್ನೇ ತೋರಿಸಿ ಕೆಳಗೆ ಗುರುತು ಹಾಕುತ್ತದೆ. ನಿಯಮದ ಹೆಸರನ್ನು ‘ರೇಟು’, ‘ಹಮಾಲಿ’ ಅಂತ ಕನ್ನಡಕ್ಕೆ ಬದಲಿಸಲೂ ಬಿಡುತ್ತದೆ. ಒತ್ತಕ್ಷರ ಇದ್ದಲ್ಲಿ ಗುರುತು ಸ್ವಲ್ಪ ಬಲಕ್ಕೆ ಸರಿಯುತ್ತದೆ, ಆದರೂ ಅಪ್ಪನಿಗೆ ಸಾಲು ಸಿಗುತ್ತದೆ.

ಲಾಲರ್‌ಪಾಪ್ ಫೈಲನ್ನು ಅಳಿಸಿಲ್ಲ. ಹೊಸ ನಿಯಮ ಬಂದಾಗಲೆಲ್ಲ ಮೊದಲು ಅದರಲ್ಲಿ ಬರೆದು ಬಿಲ್ಡ್ ಮಾಡುತ್ತೇನೆ. ಅದು ಒಪ್ಪಿದ ಮೇಲೆಯೇ ಪೆಸ್ಟ್‌ಗೆ ಸೇರಿಸುತ್ತೇನೆ.